ದೋಣಿಗೆ ಬಿಗಿದ ತರಕಾರಿ ಮಣೆ

ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದಾಗ ಗಂಡ ನಗುತ್ತಲೇ ಹೇಳಿದ್ದ: “ದೋಣಿ ನೀನೇ ಇಟ್ಕೋ. ಮೀನೆಲ್ಲಿರುತ್ತೆ ಅನ್ನೋದು ನನ್ನ ತಲೇಲಿದೆ. ಅದನ್ನ ಯಾವ ಕೋರ್ಟೂ ನಿಂಗೆ ಕೊಡಿಸಲ್ಲ.”

ಮಾತು ಸುಳ್ಳಾಗಿರಲಿಲ್ಲ. ಅಷ್ಟು ವರ್ಷ ಆ ಪುಟ್ಟ ಅಲ್ಯೂಮಿನಿಯಂ ದೋಣಿಯಲ್ಲಿ ಮೋಟಾರಿನ ಹಿಡಿಕೆ ಅವನದು, ಬಲೆ ಅವಳದು. ತಲೆ ಬಗ್ಗಿಸಿ ಬಲೆ ಬಿಡಿಸುವುದರಲ್ಲೇ ಅವಳ ದಿನ ಕಳೆಯುತ್ತಿತ್ತು. ದಡದ ಯಾವ ಗುರುತು ನೋಡಿ ಅವನು ದೋಣಿ ನಿಲ್ಲಿಸುತ್ತಾನೆಂದು ಕೇಳಿದರೆ, “ನಿನ್ನ ಕೆಲಸ ನೀನು ನೋಡ್ಕೋ” ಎಂದು ಬಾಯಿ ಮುಚ್ಚಿಸುತ್ತಿದ್ದ. ಈಗ ಒಬ್ಬಳೇ ಹೋದರೆ ಬಲೆಗೆ ಸಿಗುತ್ತಿದ್ದದ್ದು ಬರೀ ಪಾಚಿ.

ತಮ್ಮ ಮಗ ಮನೆ ಬಿಟ್ಟು ಹೋದರೂ ಅತ್ತೆ ಹೋಗಿರಲಿಲ್ಲ. “ನನ್ನ ಹಾಸಿಗೆ ಇರೋದು ಇಲ್ಲಿ” ಎಂದಷ್ಟೇ ಹೇಳಿ, ಎಂದಿನಂತೆ ಪಾತ್ರೆ ತೊಳೆಯಲು ನಿಂತಿದ್ದರು. ಖಾಲಿ ಬುಟ್ಟಿ ಹೊತ್ತು ಬಂದ ಸೊಸೆಯನ್ನು ಕೆಲವು ದಿನ ನೋಡಿ ಕೊನೆಗೆ ಅವರೇ ಬಾಯಿ ಬಿಟ್ಟರು. “ಮೀನು ತೋರಿಸೋ ಮಿಷಿನ್ನು ಬಂದಿದೆಯಂತಲ್ಲೇ. ಅವನ ಹಂಗು ಯಾಕೆ ನಮಗೆ?”

ದೋಣಿ ಸಾಮಾನಿನ ಅಂಗಡಿಯವನು ಆ ಮಿಷಿನ್ನಿನ ಡಬ್ಬಿಯನ್ನು ಮುಂದೆ ಇಟ್ಟರೂ ಅದರ ಮೇಲಿಂದ ಕೈ ತೆಗೆಯಲಿಲ್ಲ. “ಮನೇಲಿ ಗಂಡಸರ್ಯಾರಾದ್ರೂ ಇದ್ರೆ ಕಳಿಸಿ ಮೇಡಂ. ದೋಣಿಗೆ ತೂತು ಕೊರೀಬೇಕು. ಎಡವಟ್ಟಾದ್ರೆ ಮುಳುಗೇ ಹೋಗುತ್ತೆ.”

“ಮುಳುಗಿದ್ರೆ ಒಳಗೆ ಕೂತ ನಾನು ತಾನೇ ಮುಳುಗೋದು? ಕೊಡಿ ಇತ್ತ.”

ಡಬ್ಬಿಯಲ್ಲಿ ಒಂದು ಪರದೆ, ಒಂದು ಉದ್ದ ತಂತಿ, ತಂತಿಯ ತುದಿಗೆ ಅಂಗೈಯಗಲದ ಕಪ್ಪು ತುಂಡು. ಅದೇ ಟ್ರಾನ್ಸ್‌ಡ್ಯೂಸರ್. ನೀರಿನಡಿಯಿಂದ ಸದ್ದು ಕಳಿಸಿ, ತಳಕ್ಕೂ ಮೀನಿಗೂ ತಗುಲಿ ಮರಳಿದ್ದನ್ನು ಪರದೆಗೆ ಮುಟ್ಟಿಸುವುದು ಅದರ ಕೆಲಸ. ದೋಣಿಯ ಹಿಂಬದಿಗೆ ಮೊದಲು ದಪ್ಪ ಪ್ಲಾಸ್ಟಿಕ್ ಹಲಗೆಯೊಂದನ್ನು ಬಿಗಿದು, ಅದರ ಮೇಲೆ ಈ ತುಂಡನ್ನು ಕೂರಿಸಿದರೆ, ಆಮೇಲೆ ಜರುಗಿಸಬೇಕಾಗಿ ಬಂದರೂ ದೋಣಿಗೆ ಹೊಸ ತೂತು ಬೇಕಾಗುವುದಿಲ್ಲ. ಡಬ್ಬಿಯಲ್ಲಿದ್ದ ಕೈಪಿಡಿ ನೋಡಿ ಅವಳು ಇದನ್ನು ಓದಿ ಹೇಳಿದ್ದೇ ತಡ, ಅತ್ತೆ ಅಡುಗೆಮನೆಯಿಂದ ತಮ್ಮ ಬಿಳಿಯ ಪ್ಲಾಸ್ಟಿಕ್ ತರಕಾರಿ ಮಣೆ ತಂದರು.

“ಅತ್ತೆ, ನೀವು ತರಕಾರಿ ಯಾವುದ್ರ ಮೇಲೆ ಹೆಚ್ತೀರಿ?”

“ಕೈಯಲ್ಲೇ ಹೆಚ್ತೀನಿ. ಈರುಳ್ಳಿ ವಾಸನೆಗೆ ಮೀನು ಓಡದಿದ್ರೆ ಸಾಕು. ಕೊರಿ ನೀನು.”

ಅಂಗಳದಲ್ಲಿ ಅವಳು ದೋಣಿಗೆ ಡ್ರಿಲ್ಲು ತಾಗಿಸಿದಳು. ಲೋಹದ ಸಿಪ್ಪೆಗಳು ಸುರುಳಿಸುರುಳಿಯಾಗಿ ಪಾದದ ಮೇಲೆ ಬಿದ್ದವು. ನೀರು ನುಸುಳದ ಅಂಟನ್ನು ತೂತುಗಳಿಗೆ ತುಂಬಿ, ತುಕ್ಕು ಹಿಡಿಯದ ಸ್ಕ್ರೂಗಳಿಂದ ಮಣೆಯನ್ನು ಬಿಗಿದಳು. ಅದರ ಕೆಳತುದಿಯಲ್ಲಿ ಕಪ್ಪು ತುಂಡು ಕೂತಿತು.

ಮರುದಿನ ದೋಣಿ ಸರೋವರಕ್ಕಿಳಿಯಿತು. ಮೆಲ್ಲಗೆ ಹೋಗುವವರೆಗೆ ತಳ ಸ್ಪಷ್ಟವಾಗಿ ಕಾಣುತ್ತಿತ್ತು. ವೇಗ ಹೆಚ್ಚಿಸಿದ್ದೇ ಪರದೆಯ ತುಂಬ ಬರೀ ಗೆರೆಗಳು. ಸ್ನೇಹಿತನ ದೋಣಿಯ ಹಗ್ಗ ಬಿಚ್ಚುತ್ತಿದ್ದ ಅವಳ ಹಳೆಯ ಗಂಡ ದಡದ ಕಟ್ಟೆಯಿಂದಲೇ ಕೂಗಿದ: “ಏನು, ನೀರಿನ ಟೀವಿ ಕೆಟ್ಟೋಯ್ತಾ? ಆಂಟೆನಾ ತಿರುಗ್ಸು!” ಕಟ್ಟೆಗೆ ಕಟ್ಟೆಯೇ ನಕ್ಕಿತು.

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸರಿಮಾಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಅಷ್ಟು ಜನರ ಕಣ್ಣೆದುರಲ್ಲೇ ದೋಣಿಯನ್ನು ದಡಕ್ಕೆಳೆದು, ಮಂಡಿಯೂರಿ ಅಡಿಗೆ ಕಣ್ಣು ಹಾಯಿಸಿದಳು. ತಪ್ಪು ಕಂಡಿತು. ತಳದ ತಗಡುಗಳನ್ನು ಜೋಡಿಸಿದ ರಿವೆಟ್ ಮೊಳೆಗಳ ಸಾಲಿಗೆ ಸರಿಯಾಗಿ ಹಿಂದೆಯೇ ತುಂಡನ್ನು ಕೂರಿಸಿದ್ದಳು. ವೇಗ ಹೆಚ್ಚಿದಾಗ ಅಲ್ಲೇಳುವ ಗುಳ್ಳೆಗಳೆಲ್ಲ ನೇರ ಅದಕ್ಕೇ ಬಡಿಯುತ್ತಿದ್ದವು.

ಅವಳು ಸ್ಕ್ರೂ ಬಿಚ್ಚುತ್ತಿರುವಾಗ ಅವನು ಬಂದು ಪಕ್ಕದಲ್ಲಿ ನಿಂತ. “ಕೊಡು ಇಲ್ಲಿ, ನಾನು ಹಾಕ್ಕೊಡ್ತೀನಿ. ನಿನ್ನ ಕೈಲಿ ಆಗೋದಲ್ಲ ಇದು.”

“ಮುಟ್ಟಬೇಡ.”

ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನ ಚಾಚಿದ ಕೈ ಅಲ್ಲೇ ನಿಂತಿತು. ನಗುತ್ತಿದ್ದವರು ಹಗ್ಗ ಸುತ್ತುವುದರಲ್ಲಿ, ಬೀಡಿ ಹಚ್ಚುವುದರಲ್ಲಿ ಮಗ್ನರಾದರು. ಅವನು ಏನೋ ಗೊಣಗುತ್ತ ಸ್ನೇಹಿತನ ದೋಣಿ ಹತ್ತಿ ಹೊರಟುಹೋದ.

ಮಣೆ ಅಗಲವಾಗಿತ್ತು. ತುಂಡನ್ನು ಪಕ್ಕಕ್ಕೆ ಸರಿಸಿ, ದೋಣಿಯ ತಳಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಸಿ ಬಿಗಿದಳು. ಮಣೆಯ ಹಳೆಯ ತೂತುಗಳಿಗೆ ಅಂಟು ಮೆತ್ತುವಷ್ಟರಲ್ಲಿ ಊಟದ ಡಬ್ಬಿ ಹಿಡಿದು ಬಂದ ಅತ್ತೆ, ಯಾರನ್ನೂ ಕೇಳದೆ ದೋಣಿಯೊಳಗೆ ಕೂತೇಬಿಟ್ಟರು.

“ನಿಮಗೆ ನೀರು ಅಂದ್ರೆ ಭಯ ಅಲ್ವಾ ಅತ್ತೆ?”

“ಭಯಾನೇ. ಅದಕ್ಕೇನೀಗ? ನಡಿ.”

ಈ ಸಲ ವೇಗ ಹೆಚ್ಚಿದರೂ ಪರದೆಯ ಚಿತ್ರ ಕದಡಲಿಲ್ಲ. ಸರೋವರದ ತಳ ಏರುತ್ತ ಇಳಿಯುತ್ತ ಸಾಗಿ, ಒಂದೆಡೆ ಇದ್ದಕ್ಕಿದ್ದಂತೆ ಕಮರಿಯಾಗಿ ಕುಸಿಯಿತು. ಕಮರಿಯ ಅಂಚಿನುದ್ದಕ್ಕೂ ಬಿಲ್ಲಿನಂತೆ ಬಾಗಿದ ಗುರುತುಗಳು. ಮೀನು! ಅವಳು ತಲೆಯೆತ್ತಿದರೆ ಕೂಗಳತೆಯಲ್ಲೇ ಅವನಿದ್ದ ದೋಣಿ ನಿಂತಿತ್ತು.

“ಏಯ್, ಇದು ನನ್ನ ಜಾಗ!” ಅವನು ಎದ್ದು ನಿಂತು ಅರಚಿದ.

“ಬೇಲಿ ಎಲ್ಲಿ ಹಾಕಿದೀಯ, ತೋರ್ಸು” ಎನ್ನುತ್ತ ಅವಳು ಮೋಟಾರು ಆರಿಸಿದಳು.

ಆಗ ಅವನ ಕಣ್ಣಿಗೆ ಮುಂದೆ ಕೂತವರು ಬಿದ್ದರು. “ಅಮ್ಮಾ! ನೀನೂನಾ?”

“ಕೂಗಾಡಬೇಡ್ವೋ, ಮೀನು ಹೆದರುತ್ತೆ” ಎಂದರು ಅತ್ತೆ, ಎರಡೂ ಕೈಯಲ್ಲಿ ದೋಣಿಯಂಚನ್ನು ಬಿಗಿಯಾಗಿ ಹಿಡಿದುಕೊಂಡೇ.

ಬಲೆ ಇಳಿಯಿತು. ಅವನು ಬಯ್ಯುವಷ್ಟು ಬಯ್ದು, ತನ್ನ ಬಲೆ ಎತ್ತಿಕೊಂಡು ಆಚೆ ಹೋದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ಬಲೆ ಎಳೆಯುವಾಗ ಅದು ಮೇಲೇಳದಷ್ಟು ಭಾರವಾಗಿತ್ತು. ಅತ್ತೆ ದೋಣಿಯಂಚು ಬಿಟ್ಟು, ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದರು.