ಬಾಗಿಲಿಗೆ ಕಟ್ಟದ ಕೊಂಬೆ

ಡೋಲಿನ ಸದ್ದು, ಗುಡ್ಡದ ಕೆಳಗೆ ಊರಲ್ಲಿ ಮೇ ಹಬ್ಬದ ಕುಣಿತ ಆಗಲೇ ಶುರುಮಾಡಿಬಿಟ್ಟರೇ, ಹುಲ್ಲಿನ ಮೇಲಿನ ಇಬ್ಬನಿ ಕೂಡ ಆರಿಲ್ಲ, ಹಂಫ್ರಿಯ ಬಲಗೈ ಮೊಣಕೈವರೆಗೂ ಕುರಿಯ ಗರ್ಭದೊಳಗೆ, ಅಲ್ಲೊಂದು ಪುಟ್ಟ ಗೊರಸು, ಜಾರುತ್ತದೆ, ತಲೆ ಎಲ್ಲಿ, ತಲೆ ಹಿಂದಕ್ಕೆ ಮಡಿಚಿಕೊಂಡಿದೆ, ತಾಳೇ ತಾಯಿ, ತಾಳು — ಇಷ್ಟು ಹೊತ್ತಿಗೆ ಸಿಸ್ಲಿಯ ಬಾಗಿಲಿಗೆ ಹೂಬಿಟ್ಟ ಮುಳ್ಳುಗಿಡದ ಕೊಂಬೆ ಕಟ್ಟಿ ಆಗಿರಬೇಕಿತ್ತು, ಹಬ್ಬದ ಬೆಳಗ್ಗೆ ಮೆಚ್ಚಿದವಳ ಬಾಗಿಲಿಗೆ ಹುಡುಗರು ಕಟ್ಟುವ ಕೊಂಬೆ, ಕಡಿದಿಟ್ಟದ್ದು ಅಲ್ಲೇ ಬೇಲಿಗೆ ಒರಗಿದೆ, ಬಿಳಿ ಹೂವು ಉದುರುತ್ತಿದೆ. ನಿನ್ನೆ ಹಳ್ಳದ ಹತ್ತಿರ ಅವಳು ನಗುತ್ತಲೇ ಅಂದಿದ್ದಳು, ನೋಡು ಹಂಫ್ರಿ, ಹೊತ್ತು ಹುಟ್ಟೋದ್ರೊಳಗೆ ಬಂದ್ರೆ ನಿನ್ನ ಜೊತೆ ಕುಣೀತೀನಿ, ಆಮೇಲೆ ಅಪ್ಪ ಮದ್ವೆಗೆ ಕೇಳಿದ್ರೆ ಹೂಂ ಅಂತೀನಿ, ಬರ್ಲಿಲ್ಲ ಅಂದ್ರೆ ಗಿರಣಿ ರಾಲ್ಫ ಇದ್ದೇ ಇದಾನೆ, ಅವನ ಮೈಗಾದ್ರೂ ಹಿಟ್ಟಿನ ವಾಸನೆ, ನಿಂದು ಬರೀ ಕುರಿ ವಾಸನೆ — ನಗು ಅರ್ಧಕ್ಕೇ ನಿಂತಿತು, ಹೋದ ವರ್ಷವೂ ಹೀಗೇ ಕಾದಿದ್ದಳು, ಆಗ ಹಿಂಡಿಗೆ ನಾಯಿಗಳು ನುಗ್ಗಿದ್ದವು. ಈಗಷ್ಟೇ ಹಾಬ್ ಹಾದುಹೋದ, ಹೆಗಲಿಗೆ ಎಲೆಯ ಮಾಲೆ, ಗೆಳೆಯನೇ, ಆದರೂ ನಿಲ್ಲಲಿಲ್ಲ, ಲೋ ಬಿಡೋ ಅದನ್ನ, ಸತ್ರೆ ಸಾಯ್ಲಿ ಅಂದ, ಹಾಬ್, ಅವಳಿಗೊಂದು ಮಾತು ಹೇಳೋ, ಬರ್ತಿದೀನಿ ಅಂತ, ಹಂಫ್ರಿ ಕೂಗಿದ, ಹೇಳ್ತೀನಪ್ಪ, ಅವನು ಕುರಿನೇ ಕಟ್ಕೊಂಡಿದಾನೆ, ಇನ್ನೊಬ್ಳು ಯಾಕೆ ಅಂತ ಹೇಳ್ತೀನಿ — ಇಳಿಜಾರಿನಲ್ಲಿ ಅವನ ನಗು ಉರುಳಿಕೊಂಡು ಹೋಯಿತು.

ಬಿಡಬಹುದು, ಕೈ ತೆಗೆದು ಓಡಬಹುದು, ಕುರಿ ಅವನನ್ನೇ ನೋಡುತ್ತಿದೆ, ಕೂಗುವ ಶಕ್ತಿಯೂ ಇಲ್ಲದೆ, ಬೆರಳಿಗೆ ದವಡೆ ಸಿಕ್ಕಿತು, ತಿರುಗಿಸು, ಮೆಲ್ಲಗೆ, ಕೋಗಿಲೆ ಕೂಗುತ್ತಿದೆ ಹಾಳಾದ್ದು, ಕಾಡೆಲ್ಲ ಚಿಗುರು, ಹಕ್ಕಿ ಹಕ್ಕಿಗೂ ಜೋಡಿ, ಬಂತು, ಒದ್ದೆ ಮುದ್ದೆ, ಮೂಗಿನ ಲೋಳೆ ಒರೆಸಿ ಊದಿದ, ಊದಿದ, ಉಸಿರಾಡಿತು, ಅಷ್ಟರಲ್ಲಿ ತಾಯಿಯ ಉಸಿರು ನಿಂತಿತ್ತು. ಈಗ ಓಡು, ಆದರೆ ಮರಿ ನಡುಗುತ್ತಿದೆ, ಬಿಟ್ಟು ಇಳಿದರೆ ಚಳಿಗೆ ಸೆಟೆದುಹೋಗುತ್ತದೆ, ಎದೆಗೆ ಅವಚಿಕೊಂಡು ಎದ್ದು ನಿಂತ, ಕೆಳಗೆ ಹೂಗಂಬದ ಸುತ್ತ ಜನ, ಸಿಸ್ಲಿಯ ಹಳದಿ ಲಂಗ, ಅವಳ ಕೈ ಯಾರ ಕೈಯಲ್ಲಿ, ಇಷ್ಟು ದೂರದಿಂದಲೂ ಗೊತ್ತಾಗುತ್ತದೆ, ಸಿಸ್ಲೀ ಎಂದು ಕೂಗಿದ, ಡೋಲು ನುಂಗಿತು, ಹಳದಿ ಲಂಗ ಕುಣಿತ ಬಿಟ್ಟು ಹೊರಬಂತು, ಒಮ್ಮೆ ಗುಡ್ಡದ ಕಡೆ ತಿರುಗಿತೇ, ಹೌದು ತಿರುಗಿತು, ಕೈ ಎತ್ತಬೇಕು, ಎರಡೂ ಕೈಯಲ್ಲಿ ಮರಿ, ಹಳದಿ ಲಂಗ ಕಾಡಿನ ಕಡೆ, ರಾಲ್ಫನ ಹಿಂದೆ, ಮರಗಳ ನಡುವೆ ಹಳದಿ, ಮತ್ತೆ ಹಳದಿ, ಇಷ್ಟೇ ಇಷ್ಟು ಹಳದಿ, ಆಮೇಲೆ ಬರೀ ಹಸಿರು.