ಮೂಡಣ ಕೋಣೆಯ ಭೋಗ್ಯ

ಚಳ್ಳಕೆರೆಯ ಆ ಮನೆಗೆ ಬರುವ ಮುಂಚೆ ಶಹನಾಜ್‌ಗೆ ಹಗಲು ನಿದ್ದೆಯ ಸುಖವೇ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಲಾರಿ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ಸುತ್ತಿಗೆ ಸದ್ದಿನ ನಡುವೆಯೇ ಸಂಸಾರ ಮಾಡಿದವಳು. ಗಂಡ ತನ್ವೀರ್ ಮೆಕ್ಯಾನಿಕ್. ಕೂಡಿಟ್ಟದ್ದನ್ನೆಲ್ಲ ಒಂದೇ ಗಂಟಾಗಿ ಮಾಲೀಕರ ಕೈಗಿಟ್ಟು ಅವನು ಈ ಮನೆಯನ್ನು ಮೂರು ವರ್ಷದ ಭೋಗ್ಯಕ್ಕೆ ಹಿಡಿದ. ಬಾಡಿಗೆ ಇಲ್ಲ; ಅವಧಿ ಮುಗಿದಾಗ ಹಣ ವಾಪಸ್ ಪಡೆದು ಮನೆ ಬಿಡಬೇಕು. ಅಲ್ಲಿ ಮಧ್ಯಾಹ್ನ ಮೂಡಣ ಕೋಣೆಯ ತಣ್ಣನೆ ನೆಲಕ್ಕೆ ತಲೆಯಿಟ್ಟರೆ ಸಾಕು, ನಿದ್ದೆ ಸಾಕಿದ ಬೆಕ್ಕಿನಂತೆ ಬಂದು ಅವಳ ಮಗ್ಗುಲಲ್ಲಿ ಮಲಗುತ್ತಿತ್ತು.

ಅವಧಿ ಮುಗಿಯುತ್ತ ಬಂದಂತೆ ಕನಸು ಶುರುವಾಯಿತು. ಮನೆ ಸದ್ದಿಲ್ಲದೆ ನೆಲ ಬಿಟ್ಟೇಳುತ್ತಿತ್ತು. ಶೇಂಗಾ ಹೊಲಗಳ ಮೇಲೆ ಮೋಡದ ನೆರಳಿನ ಹಾಗೆ ತೇಲುತ್ತಿತ್ತು. ಕಿಟಕಿಯಲ್ಲಿ ನಿಂತ ಅವಳಿಗೆ ಕೆಳಗೆ ತನ್ವೀರ್ ಕೈಬೀಸುವುದು ಕಾಣುತ್ತಿತ್ತು, ದನಿ ಮಾತ್ರ ಕೇಳುತ್ತಿರಲಿಲ್ಲ.

ಕಡೆಗೊಂದು ದಿನ ಗಂಡಹೆಂಡತಿ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಮನೆಯ ಒಡತಿ ಗಂಗಾಂಬಿಕಾ ಅಲ್ಲಿ ತಮ್ಮನ ಮನೆಯಲ್ಲಿದ್ದಳು. ರೇಷ್ಮೆ ಸೀರೆ ನೇಯುತ್ತಲೇ ಅರವತ್ತು ದಾಟಿದವಳು.

"ಇನ್ನೂ ಮೂರು ವರ್ಷ ನಮಗೇ ಕೊಡ್ರಿ ಅಮ್ಮಾ," ಎಂದಳು ಶಹನಾಜ್.

"ಭೋಗ್ಯದ ರೇಟು ಏರೈತಮ್ಮಾ. ಒಂದೂವರೆ ಲಕ್ಷ ಜಾಸ್ತಿ ಕೇಳು ಅಂತಾನೆ ನನ್ ತಮ್ಮ. ನಂಗೆ ದುಡ್ಡಿನ ಯೋಚ್ನೆ ಅಲ್ಲ." ಗಂಗಾಂಬಿಕಾ ಗೋಡೆಗೆ ಒರಗಿಸಿದ್ದ ಮರದ ತುಂಡುಗಳನ್ನು ತೋರಿಸಿದಳು. "ಅದು ನನ್ ಮಗ್ಗ. ರೂಮ್ ಕಟ್ಟಿಸ್ಬೇಕು ಅಂತ ಬಿಚ್ಚಿಸ್ಬಿಟ್ಟ. ಕೂತ್ರೆ ಕೈ ಸುಮ್ನಿರಲ್ಲ. ನಿಮ್ ಹಣ ಹೊಂದಿಸಿ ಕೊಟ್ಟು ನಾನೇ ಆ ಮನೇಗೆ ಬರೋಣ ಅಂತಿದೀನಿ."

ಗಂಡಹೆಂಡತಿ ಸಂಜೆಯ ಬಸ್ಸಿಗೆ ವಾಪಸ್ ಹೊರಟರು.

ಮುಂದಿನ ವಾರ ಗಂಗಾಂಬಿಕಾ ಮನೆ ನೋಡಲು ಬಂದಳು. ಅಡುಗೆಮನೆ, ಹಿತ್ತಲು ಎಲ್ಲ ತಿರುಗಿ, ಮೂಡಣ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಳು. ಶಹನಾಜ್ ಚಹಾ ತರುವಷ್ಟರಲ್ಲಿ ಹಾಗೇ ನೆಲಕ್ಕೆ ಜಾರಿ ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಕಿಟಕಿ ಅರೆ ಮುಚ್ಚಿ, ಲೋಟ ಕೆಳಗಿಟ್ಟು, ಶಹನಾಜ್ ಆಚೆ ಗೋಡೆಯ ಪಕ್ಕ ತಾನೂ ಅಡ್ಡಾದಳು. ಮನೆ ಕೇಳಲು ಬಂದವಳು, ಬಿಡಲಾರದವಳು ಇಬ್ಬರ ಉಸಿರೂ ಆ ಕೋಣೆಯಲ್ಲಿ ಒಂದೇ ಲಯಕ್ಕೆ ಬಂದವು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಗಂಗಾಂಬಿಕಾ ಆಗಲೇ ಎದ್ದು ಕೂತು, ಆರಿದ ಚಹಾ ಕುಡಿಯುತ್ತಿದ್ದಳು.

"ಯಾವ ಊರಾಗಿದೀನಿ ಅನ್ನೋದೇ ಮರ್ತಿತ್ತು ನೋಡು. ನಿದ್ದೇಲೂ ಮಗ್ಗದ ಲಾಳಿ ಓಡ್ತಿತ್ತು." ಲೋಟ ಬದಿಗಿಟ್ಟು ಕೇಳಿದಳು, "ಈ ಕೋಣೆ ನಂಗೆ ಬಿಟ್ಟುಕೊಡ್ತೀಯಾ? ಮಿಕ್ಕ ಮನೇಲಿ ನೀವು ಇರ್ರಿ, ಇನ್ನೂ ಮೂರು ವರ್ಷ. ಒಂದು ರೂಪಾಯಿನೂ ಜಾಸ್ತಿ ಬ್ಯಾಡ."

ಶಹನಾಜ್‌ಗೆ ಆ ಕೋಣೆಯೇ ಮನೆ.

"ಮಗ್ಗ ಸದ್ದು ಮಾಡ್ತೈತಾ ಅಮ್ಮಾ?"

"ಮಾಡ್ತೈತೆ. ಸುಳ್ಳು ಯಾಕ್ ಹೇಳ್ಲಿ? ಬೆಳಿಗ್ಗೆಯಿಂದ ಸಂಜೆ ತನ್ಕ."

ಶಹನಾಜ್ ನೆಲವನ್ನು ಅಂಗೈಯಿಂದ ಒಮ್ಮೆ ಸವರಿದಳು. "ಆಗ್ಲಿ, ಬರ್ರಿ," ಎಂದಳು.

ಪತ್ರ ಬರಹಗಾರ ಓಬಳಪ್ಪ ಇದನ್ನು ಕೇಳಿ ಕನ್ನಡಕ ತೆಗೆದ. "ಹಳೇ ಪತ್ರದ ಮ್ಯಾಲೆ ಸಹಿ ಹಾಕಿದ್ರೆ ನಡೆಯಲ್ಲ. ಹೊಸ ಭೋಗ್ಯ ಪತ್ರ ಬರೀಬೇಕು. ಯಾವ ಕೋಣೆ ಯಾರಿಗೆ, ನೀರು, ಕರೆಂಟು, ಕೊನೇಗೆ ಹಣ ಯಾರು ಯಾರಿಗೆ ವಾಪಸ್ ಕೊಡೋದು, ಎಲ್ಲಾ ಇರ್ಬೇಕು. ಆಮ್ಯಾಲೆ ನೋಂದಣಿ." ಛಾಪಾ ಸುಂಕ, ನೋಂದಣಿ ಶುಲ್ಕ, ಬರಹದ ಕೂಲಿ ಎಲ್ಲವನ್ನೂ ಎರಡು ಕಡೆಯವರೂ ಸಮನಾಗಿ ಹಂಚಿಕೊಂಡರು. ಉಪನೋಂದಣಿ ಕಚೇರಿಯಲ್ಲಿ ಫೋಟೊಗೆ ಕೂತಾಗ ಗಂಗಾಂಬಿಕಾ ಸೆರಗು ಸರಿಮಾಡಿಕೊಂಡು, "ಮದ್ವೆ ಮಾಡ್ದಂಗೆ ಮಾಡ್ತಾರಲ್ಲೇ!" ಎಂದಳು. ಬೆರಳೊತ್ತುತ್ತಿದ್ದ ತನ್ವೀರ್‌ಗೂ ನಗು ಬಂತು.

ಕೋಣೆಯ ಕಲ್ಲು ಎಬ್ಬಿಸಿ, ಕಾಲಿಳಿಸಿ ನೇಯಲು ಮಗ್ಗದ ಕುಣಿ ತೋಡಿದವನೂ ಅವನೇ.

ಮೊದಲ ದಿನಗಳಲ್ಲಿ ಶಹನಾಜ್ ನಡುಮನೆಯಲ್ಲಿ ಕಣ್ಣು ಬಿಟ್ಟೇ ಮಲಗಿದಳು. ಟಕ್ಕು, ಟಕ್ಕು. ಒಂದು ಮಧ್ಯಾಹ್ನ ತಾಳಲಾರದೆ ಎದ್ದು ಬಾಗಿಲಿಗೆ ಹೋಗಿ ನಿಂತಳು. ಮಾಡಿನ ಬೆಳಕಿಂಡಿಯಿಂದ ಬಿಸಿಲುಕೋಲೊಂದು ಎಳೆಗಳ ಮೇಲೆ ಬಿದ್ದು, ಮಾವಿನ ಚಿಗುರು ಬಣ್ಣದ ರೇಷ್ಮೆ ನೀರಿನ ಹಾಗೆ ಅಲುಗುತ್ತಿತ್ತು.

"ನಿದ್ದೆ ಬರ್ಲಿಲ್ವಾ?" ಗಂಗಾಂಬಿಕಾ ಲಾಳಿ ನಿಲ್ಲಿಸಿ ಪಕ್ಕಕ್ಕೆ ಸರಿದಳು. "ಬಾ, ಇಲ್ಲಿ ಕೂತ್ಕೋ. ಕಾಲು ಕೆಳಗೆ ಬಿಡು."

ಶಹನಾಜ್ ಕೂತು ಕುಣಿಯೊಳಗೆ ಕಾಲಿಳಿಸಿದಳು. ಹಸಿಮಣ್ಣಿನ ತಂಪು ಅಂಗಾಲಿನಿಂದ ಮೆಲ್ಲಗೆ ಮೈಗೇರಿತು. ಪಕ್ಕದಲ್ಲಿ ಮತ್ತೆ ಲಾಳಿ ಓಡತೊಡಗಿತು. ಅವಳ ತಲೆ ಗಂಗಾಂಬಿಕಾಳ ಭುಜಕ್ಕೆ ಯಾವಾಗ ವಾಲಿತೋ ಅವಳಿಗೆ ತಿಳಿಯಲಿಲ್ಲ.