ನಲವತ್ತೊಂದು ಹೋರಿ, ಒಂದು ಹಾಸಿಗೆ

ಹೋದ ದೀಪಾವಳಿಯಿಂದ ಈ ಯುಗಾದಿಯವರೆಗೆ ನಾನು ನಲವತ್ತೊಂದು ಹೋರಿಗಳನ್ನು ಕೆಡವಿದ್ದೇನೆ. ಅದೂ ಹಾಸಿಗೆಯಿಂದ ಏಳದೆ, ಕಣ್ಣು ಬಿಡದೆ. ಕೊನೆಯದಕ್ಕೆ ಮೂರು ಕೊಂಬಿದ್ದವು. ನಂಬದವರು ಅಜ್ಜಂಪುರದ ಯಾವ ಟೀ ಅಂಗಡಿಯಲ್ಲಾದರೂ ವಿಚಾರಿಸಬಹುದು. ಎಲ್ಲ ಕಡೆಯೂ ನಾನೇ ಹೇಳಿಟ್ಟಿದ್ದೇನೆ.

ನಾನು ಷಣ್ಮುಖಪ್ಪ. ಶಿವನಿಯಿಂದ ಚೌಳಹಿರಿಯೂರಿನವರೆಗೆ ಎಳೆ ಹೋರಿಗೆ ಮೂಗುದಾರ ಹಾಕಬೇಕೆಂದರೆ ನನ್ನನ್ನೇ ಕರೆಯುತ್ತಿದ್ದರು. ಕೊಂಬು ಹಿಡಿದು, ಕತ್ತು ತಿರುಚಿ, ಒಂದೇ ಪಟ್ಟಿಗೆ ನೆಲಕ್ಕೆ. ನನ್ನ ಹೆಸರು ಕೇಳಿದರೆ ಸಾಕು, ಅರ್ಧ ಹೋರಿಗಳು ತಾವಾಗಿಯೇ ಮಲಗಿ ಮೂಗು ಮುಂದೆ ಮಾಡುತ್ತಿದ್ದವು. ಆರು ವರ್ಷದ ಹಿಂದೆ ಬಲಗೈ ನಡುಗತೊಡಗಿತು. ಕಡೂರಿಗೆ ಮಂಗಳವಾರ ಬರುವ ನರರೋಗದ ಡಾಕ್ಟರು ಪಾರ್ಕಿನ್ಸನ್ ಎಂದರು. ಲಕ್ಷಕ್ಕೊಬ್ಬ ಶೂರನಿಗೆ ಮಾತ್ರ ಬರುವ ಕಾಯಿಲೆ ಎಂದು ನಾನು ಊರಿಗೆಲ್ಲ ಹೇಳಿದೆ.

ಕೈ ನಡುಗಿದರೆ ನಡುಗಲಿ, ರಾತ್ರಿಯ ಕಾಟ ಮಾತ್ರ ಬೇಡ. ಮಲಗಿದರೆ ಮಗ್ಗಲು ಬದಲಿಸಲು ಬರುವುದಿಲ್ಲ. ದಿಮ್ಮಿಯ ಹಾಗೆ ಬಿದ್ದಿರಬೇಕು. ಹೆಂಡತಿ ಗುರುಶಾಂತಮ್ಮ ರಾತ್ರಿಗೆ ಎರಡು ಸಲ ಎದ್ದು ನನ್ನನ್ನು ಹೊರಳಿಸುತ್ತಿದ್ದಳು. ದೀಪಾವಳಿ ಕಳೆದ ವಾರ ಅವಳ ಮಣಿಕಟ್ಟು ಮುರಿಯಿತು. ಬಚ್ಚಲಲ್ಲಿ ಜಾರಿದೆ ಎಂದಳು. ಹೌದು, ಬಚ್ಚಲಲ್ಲೇ ಎಂದು ನಾನೂ ಸಾರಿದೆ. ಮಾರನೆಯ ದಿನವೇ ನನ್ನ ಹಾಸಿಗೆ ಮುಂದಿನ ಕೋಣೆಗೆ ಹೋಯಿತು. ಒಳಗಿನಿಂದ ಚಿಲಕ.

"ಚಿಲಕ ಯಾಕ್ರೀ? ಹೊರಳ್ಸೋರ್ಯಾರು?"

"ಹೋರಿ ಬೀದಿಗೆ ನುಗ್ಗಿದ್ರೆ ಊರಿನ ಗತಿ ಏನೇ? ರಾತ್ರಿಗೆ ನೂರೆಂಟು ಸಲ ನಾನೇ ಹೊರಳ್ತೀನಿ. ಗರಡಿ ಮೈ ಕಣೇ ಇದು!"

ರಾತ್ರಿ ಇಷ್ಟೊಂದು ಸಾಹಸ ಮಾಡುವವನು ಹಗಲು ತೂಕಡಿಸುವುದು ಸಹಜ ತಾನೆ? ಒಮ್ಮೆ ತರೀಕೆರೆಗೆಂದು ಬಸ್ಸು ಹತ್ತಿ, ತರೀಕೆರೆಯನ್ನು ನೋಡದೆಯೇ ಅದೇ ಬಸ್ಸಿನಲ್ಲಿ ಅಜ್ಜಂಪುರಕ್ಕೆ ವಾಪಸು ಬಂದೆ. ಒಂದು ಮದುವೆಯಲ್ಲಿ ಕುಳಿತಲ್ಲೇ ಪಾಯಸದ ಎಲೆಗೆ ಹಣೆ ಇಟ್ಟೆ. ಅನ್ನಬ್ರಹ್ಮನಿಗೆ ನಮಸ್ಕಾರ ಎಂದು ಸಮರ್ಥಿಸಿಕೊಂಡೆ. ಆಮೇಲೆ ಅಂಗಳದ ಮೆಟ್ಟಿಲ ಮೇಲೆ ಕಣ್ಣು ಕವಿದು ಮುಗ್ಗರಿಸಿದೆ. ಡಾಕ್ಟರು ಗದರಿದರು: ರಾತ್ರಿ ನಿದ್ದೆ ಸರಿಹೋಗದಿದ್ದರೆ ಒಂದು ದಿನ ಬಿದ್ದು ಸೊಂಟ ಮುರಿದುಕೊಳ್ಳುತ್ತೀರಿ.

ಗುರುಶಾಂತಮ್ಮ ಹೆದರಿಬಿಟ್ಟಳು. ಯೋಚಿಸಿ ಯೋಚಿಸಿ, ತಪ್ಪು ಹಾಸಿಗೆಯದೇ ಎಂದು ತೀರ್ಮಾನಿಸಿದಳು. ಹತ್ತಿ ಗಂಟುಗಟ್ಟಿರಬೇಕು, ಮೈಗೆ ಒತ್ತುತ್ತಿರಬೇಕು. ಹಾಸಿಗೆ ಹೊಲಿಯುವ ವಜೀರ್ ಸಾಬನಿಗೆ ಹೇಳಿಕಳುಹಿಸಿದಳು. ಅವನು ನನ್ನ ಬಾಲ್ಯದ ಗೆಳೆಯ. ನಾನು ಮುಂದಿನ ಕೋಣೆಗೆ ಹೋದ ದಿನವೇ ಆ ಹಾಸಿಗೆಗೆ ಹೊಸ ಹತ್ತಿ ತುಂಬಿ ಕೊಟ್ಟವನೂ ಅವನೇ.

ಬೆಳಗಿನ ಬಿಸಿಲಲ್ಲಿ ಅಂಗಳದ ನಡುವೆ ಕೂತು ಅವನು ಹೊಲಿಗೆ ಬಿಚ್ಚಿದ. ಕೈ ಹಾಕಿದ. ಈ ತುದಿಯಿಂದ ಆ ತುದಿಯವರೆಗೆ ತಡವಿ ನೋಡಿದ.

"ಲೇ ಷಣ್ಮುಖ, ಎಲ್ಲಿ ಮಲಗ್ತೀಯೋ ನೀನು?"

"ಇದರ ಮೇಲೇ. ಮಹಾರಾಜನ ಥರ."

"ಎಡಕ್ಕೋ, ಬಲಕ್ಕೋ?"

"ಎರಡೂ ಕಡೆ. ಮಧ್ಯದಲ್ಲಿ ಹೋರಿ."

ಅವನು ಒಂದು ಹಿಡಿ ಹತ್ತಿ ತೆಗೆದು, ಜಗಲಿಯ ಮೇಲೆ ಬೇಳೆ ಕೇರುತ್ತಿದ್ದ ಗುರುಶಾಂತಮ್ಮನಿಗೆ ತೋರಿಸಿದ.

"ನೋಡಮ್ಮಾ. ಮನುಷ್ಯ ಮಲಗಿದ ಹತ್ತಿ ಬೆವರು ಕುಡೀತದೆ, ಸೊಂಟ ಬರೋ ಕಡೆ ರೊಟ್ಟಿ ಥರ ಒತ್ಕೊಂಡಿರ್ತದೆ. ನಲವತ್ತು ವರ್ಷದಿಂದ ಊರೋರ ಸೊಂಟನೆಲ್ಲ ಹತ್ತೀಲೇ ನೋಡಿದೀನಿ. ಇದು ನಾನ್ ತುಂಬಿಕೊಟ್ಟಂಗೇ ಐತೆ. ಇದರ ಮೇಲೆ ಒಂದ್ ಬೆಕ್ಕೂ ಮಲಗಿಲ್ಲ."

"ಹೋರಿ ಕೆಡವೋವಾಗ ನಾನು ಗಾಳೀಲಿ…"

"ಸುಳ್ಳು ಹೇಳೋಕೂ ಒಂದ್ ಹಾಸಿಗೆ ಬೇಕು ಕಣೋ!"

ಗುರುಶಾಂತಮ್ಮ ಮೊರ ಕೆಳಗಿಟ್ಟಳು. ಬೈದಿದ್ದರೆ ನಲವತ್ತೆರಡನೆಯ ಹೋರಿಯನ್ನು ಹೊಡೆದುಕೊಂಡು ಬರುತ್ತಿದ್ದೆ. ಅವಳು ಬೈಯಲಿಲ್ಲ.

"ಐದು ತಿಂಗಳಿಂದ ದಿನಾ ಆ ಬಾಗಿಲಾಚೆ ಕೂತಿರ್ತಿದ್ದೆ, ಹೊರಳ್ಸೋಕೆ ಕರೀತೀರೇನೋ ಅಂತ. ನನ್ ಕೈ ಬ್ಯಾಡ ಆಯ್ತೇನ್ರೀ ನಿಮ್ಗೆ?"

ಆ ಕೈ ಈಗಲೂ ಮಣಿಕಟ್ಟಿನ ಹತ್ತಿರ ಸ್ವಲ್ಪ ಓರೆ.

"ಕುರ್ಚಿ," ಎಂದೆ.

"ಏನ್ ಕುರ್ಚಿ?"

"ಕುರ್ಚಿ ಮೇಲೆ ಕೂತಿರ್ತೀನಿ. ಬೆಳಗಾಗೋಗಂಟ. ನಿದ್ದೆ ಬಂದ್ರೆ ಮುಖಕ್ಕೆ ನೀರು ಹಾಕ್ಕೋತೀನಿ. ಮಲಗಿದ್ರೆ ಹೊರಳ್ಸೋಕೆ ನೀನು ಬರ್ಬೇಕು. ಬಂದ್ರೆ ಮತ್ತೆ…" ಆ ಓರೆ ಮಣಿಕಟ್ಟನ್ನು ತೋರಿಸಿದೆ. "ಆವತ್ತು ಕನಸಲ್ಲಿ ಹೋರಿ ಬಂದಿತ್ತು. ಎರಡೇ ಕೊಂಬು. ಹಿಡಿದು ತಿರುಚಿದೆ. ಕಣ್ಣು ಬಿಟ್ರೆ ನಿನ್ ಕೈ. ನಲವತ್ತೊಂದೂ ಸುಳ್ಳು ಕಣೇ. ಅದೊಂದೇ ನಿಜ."

"ಗೊತ್ತಿಲ್ವೇನ್ರೀ ನಂಗೆ? ಮುರಿದಿದ್ದು ನನ್ ಕೈ ತಾನೆ?" ಅವಳು ಕಣ್ಣೊರೆಸಿಕೊಂಡಳು. "ನಿದ್ದೇಲಿ ಕೂಗ್ತಾರಾ, ಕೈಕಾಲು ಬಡೀತಾರಾ ಅಂತ ಡಾಕ್ಟ್ರು ಕೇಳಿದ್ರು. ಇಲ್ಲ ಅಂದ್ಬಿಟ್ಟೆ. ಹೆಂಡ್ತಿ ಕೈ ಮುರಿದೋನು ಅಂತ ನಿಮ್ಗೆ ಹೆಸರು ಬತ್ತದೆ ಅಂತ."

"ನನ್ನೂ ಕೇಳಿದ್ರು. ಬಂಡೆ ಥರ ಮಲಗ್ತೀನಿ ಅಂದೆ."

"ಸರಿಹೋಯ್ತು! ಗಂಡ ಹೆಂಡ್ತಿ ಸೇರಿ ಡಾಕ್ಟ್ರನ್ನೇ ಕೆಡವಿದ್ರಲ್ಲ!" ಎಂದ ವಜೀರ್ ಸಾಬ. ಮೊದಲು ನಕ್ಕವಳು ಗುರುಶಾಂತಮ್ಮ.

ಮಂಗಳವಾರ ಇಬ್ಬರೂ ಕಡೂರಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಡಾಕ್ಟರು ಬೆಚ್ಚಿಬೀಳಲಿಲ್ಲ. ಕನಸು ಬಿದ್ದಾಗ ಮೈ ಸುಮ್ಮನಿರಬೇಕು, ಈ ಕಾಯಿಲೆಯಲ್ಲಿ ಕೆಲವರಿಗೆ ಆ ಕಟ್ಟು ಸಡಿಲವಾಗುತ್ತದೆ, ಬೇಕೆಂದು ಮಾಡಿದ್ದಲ್ಲ ಎಂದರು. ಮಾತ್ರೆ ಬರೆದರು. ನೆಲದ ಮೇಲೆ ಮಲಗಬೇಕು, ಪಕ್ಕದಲ್ಲಿ ಗಟ್ಟಿ ಸಾಮಾನು ಇರಕೂಡದು, ಅವಳು ಮುಟ್ಟುವ ಮೊದಲು ದೂರದಿಂದ ಹೆಸರು ಹಿಡಿದು ಕೂಗಿ ಎಬ್ಬಿಸಬೇಕು.

ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ನನ್ನ ಹೆಂಡತಿ ನನ್ನ ಹೆಸರು ಹಿಡಿದು ಕೂಗಿದಳು. ಅಭ್ಯಾಸವಿಲ್ಲದೆ ಮೊದಲ ದಿನ "ಷಣ್ಮುಖಪ್ಪನೋರೇ" ಎಂದಳು.

ವಜೀರ್ ಸಾಬ ಅದೇ ಹತ್ತಿಯಲ್ಲಿ ಎರಡು ಹಾಸಿಗೆ ಮಾಡಿದ, ನಡುವೆ ಎಮ್ಮೆಗರುವಿನಷ್ಟು ದಪ್ಪದ ದಿಂಬು. ಮೈ ಜಾರಲೆಂದು ಗುರುಶಾಂತಮ್ಮ ನನ್ನ ಮದುವೆಯ ರೇಷ್ಮೆ ಪಂಚೆಯನ್ನು ಹಾಸಿದಳು. ಈಗ ನಾನು ಮೂರು ತಾಲ್ಲೂಕಿನಲ್ಲಿ ರೇಷ್ಮೆಯ ಮೇಲೆ ಮಲಗುವ ಏಕೈಕ ಗಂಡಸು. ಬೆರಳು ತಾಗಿಸಿದರೆ ಗಿರ್ರನೆ ತಿರುಗುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ನಿದ್ದೆ. ನನ್ನ ಗೊರಕೆಗೆ ಶಿವನಿ ಸ್ಟೇಷನ್ನಿನಲ್ಲಿ ರೈಲು…

"ಎಷ್ಟು ಗಂಟೆ ಅಂತ ಬರೆದ್ರಿ?" ಭುಜದ ಹಿಂದಿನಿಂದ ಗುರುಶಾಂತಮ್ಮ ಬಗ್ಗಿ ನೋಡುತ್ತಿದ್ದಾಳೆ.

ಆಯಿತು. ನಾಲ್ಕೇ ಗಂಟೆ. ಕೆಲವು ದಿನ ಮೂರೂವರೆ. ಆದರೆ ಹಾಸಿಗೆಯ ಮೇಲೆ, ಚಿಲಕ ಹಾಕದೆ.